ಸರಿಸಿ ನೋಡಿ, ತಿರುಗಿಸಿ ನೋಡಿ

ಊರಿನಿಂದ ಬಂದ ನೆಂಟರಿಗೆ ದೆಹಲಿ ತೋರಿಸುವಾಗ ಜಂತರ್ ಮಂತರನ್ನು ಬಿಡುವವರಿಲ್ಲ. ಕೆಂಪು ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು, "ಗ್ರಹ ನಕ್ಷತ್ರ ನೋಡುವ ಜಾಗವಂತೆ" ಎಂದು ಹೇಳಿ ಹೊರಬರುವವರೇ ಹೆಚ್ಚು. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ 'ಸರ್ವಸಮ ಆಕೃತಿ'ಗಳ ಪಾಠ ಅಲ್ಲಿ ಗಾರೆಯ ಗೋಡೆಗಳಾಗಿ ನಿಂತಿದೆ.

ಎರಡು ಆಕೃತಿಗಳು ಸರ್ವಸಮ ಎಂದರೇನು? ಒಂದರ ಮೇಲೊಂದನ್ನಿಟ್ಟರೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂಡಬೇಕು. ಹಾಗೆ ಕೂಡಿಸಲು ಆಕೃತಿಯನ್ನು ಹಿಗ್ಗಿಸಕೂಡದು, ಕುಗ್ಗಿಸಕೂಡದು, ಸರಿಸಬಹುದು, ತಿರುಗಿಸಬಹುದು. ಸೀರೆಯ ಅಂಚಿನಲ್ಲಿ ಒಂದೇ ಬುಟ್ಟಾ ಸರಿಯುತ್ತ ಹೋಗುತ್ತದೆ. ರಂಗೋಲಿಯ ಕಮಲದಲ್ಲಿ ಒಂದೇ ದಳ ನಡುವಿನ ಚುಕ್ಕಿಯ ಸುತ್ತ ತಿರುಗುತ್ತದೆ. ನಮ್ಮ ಹೆಂಗಸರಿಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ಜಂತರ್ ಮಂತರಿಗೆ ಬರೋಣ. ಇದನ್ನು 1724ರಲ್ಲಿ ಕಟ್ಟಿಸಿದವನು ಸವಾಯಿ ಜಯಸಿಂಹ. ಅವನ ಆಸ್ಥಾನದ ಜಗನ್ನಾಥ ಸಮ್ರಾಟನೆಂಬ ಪಂಡಿತನು ಯೂಕ್ಲಿಡನ ಗ್ರಂಥವನ್ನು ಅರಬ್ಬಿಯಿಂದ 'ರೇಖಾಗಣಿತ'ವೆಂಬ ಹೆಸರಿನಲ್ಲಿ ಸಂಸ್ಕೃತಕ್ಕೆ ತಂದನು. ಒಂದು ತ್ರಿಭುಜವನ್ನು ಇನ್ನೊಂದರ ಮೇಲೆ ಹೊಂದಿಸಿ ಸಮವೆಂದು ತೋರಿಸುವ ಕ್ರಮ ಆ ಗ್ರಂಥದ ಆರಂಭದಲ್ಲಿಯೇ ಬರುತ್ತದೆ.

ಅಲ್ಲಿರುವ ರಾಮಯಂತ್ರ ಎರಡು ದುಂಡು ಕಟ್ಟಡಗಳ ಜೋಡಿ. ಪ್ರತಿಯೊಂದರ ನಡುವೆ ಒಂದು ಕಂಬ. ಕಂಬದ ತುದಿಯ ನೆರಳು ನೆಲದ ಮೇಲೋ ಗೋಡೆಯ ಮೇಲೋ ಬಿದ್ದ ಜಾಗದಿಂದ ಸೂರ್ಯನ ಎತ್ತರವನ್ನೂ ದಿಕ್ಕನ್ನೂ ತಿಳಿಯಬಹುದು. ಆದರೆ ನೆಲವೆಲ್ಲ ಅಳತೆಪಟ್ಟಿಯೇ ಆದರೆ ನೋಡುವವನು ನಿಲ್ಲುವುದೆಲ್ಲಿ? ಅದಕ್ಕಾಗಿ ನೆಲವನ್ನು 6 ಡಿಗ್ರಿ ಅಗಲದ 30 ಹೋಳುಗಳಾಗಿ ಮಾಡಿ, ನಡುನಡುವೆ 6 ಡಿಗ್ರಿಯ 30 ತೆರಪುಗಳನ್ನು ಬಿಟ್ಟಿದ್ದಾರೆ. ಒಟ್ಟು 360 ಡಿಗ್ರಿಯ ಲೆಕ್ಕ ಸರಿಹೋಯಿತು.

ನೆರಳು ತೆರಪಿನಲ್ಲಿ ಬಿದ್ದರೆ? ಆಗ ಪಕ್ಕದ ಕಟ್ಟಡಕ್ಕೆ ಹೋಗಬೇಕು. ಇಲ್ಲಿ ತೆರಪಿರುವ ಕಡೆ ಅಲ್ಲಿ ಹೋಳು, ಇಲ್ಲಿ ಹೋಳಿರುವ ಕಡೆ ಅಲ್ಲಿ ತೆರಪು. ಎರಡರ ಅಳತೆ ಒಂದೇ ಆಗಿರದಿದ್ದರೆ, ಈ ಕಟ್ಟಡದಲ್ಲಿ ಓದಿದ ಅಂಕ ಆ ಕಟ್ಟಡದ ಅಂಕಕ್ಕೆ ಕೂಡದೆ ಇಡೀ ಯಂತ್ರವೇ ವ್ಯರ್ಥವಾಗುತ್ತಿತ್ತು. ಸರ್ವಸಮತೆ ಇಲ್ಲಿ ಪರೀಕ್ಷೆಯ ಪ್ರಶ್ನೆಯಲ್ಲ, ಯಂತ್ರದ ಪ್ರಾಣ.

ಈಗ ನಕ್ಷೆಯನ್ನು ನೋಡಿ. ಒಂದು ಕಟ್ಟಡವನ್ನು ತಿರುಗಿಸದೆ ಸರಿಸಿ, ಕೇಂದ್ರದ ಮೇಲೆ ಕೇಂದ್ರ ಬರುವಂತೆ ಇಡಿ. ಹೋಳು ಹೋಳಿಗೆ ಕೂಡುವುದಿಲ್ಲ, ತೆರಪಿನ ಮೇಲೆ ಕೂರುತ್ತದೆ. ಕೇಂದ್ರವನ್ನು ಹಿಡಿದು 6 ಡಿಗ್ರಿ ತಿರುಗಿಸಿ, ಎಲ್ಲವೂ ಕೂಡಿತು! 18 ಡಿಗ್ರಿ ತಿರುಗಿಸಿದರೂ ಕೂಡುತ್ತದೆ, 12 ಡಿಗ್ರಿಗೆ ಮಾತ್ರ ಕೂಡುವುದಿಲ್ಲ. ಏಕೆಂಬುದನ್ನು ಮಕ್ಕಳೇ ಹೇಳಲಿ.

ಇನ್ನೊಂದು ಸ್ವಾರಸ್ಯವಿದೆ. ಸರಿಸುವುದು, 6 ಡಿಗ್ರಿ ತಿರುಗಿಸುವುದು, ಈ ಎರಡು ಕೆಲಸಗಳನ್ನು ಒಂದೇ ತಿರುಗಿಸುವಿಕೆಯಿಂದ ಮುಗಿಸಬಹುದು. ಆದರೆ ಮೊಳೆ ಹೊಡೆಯಬೇಕಾದ ಬಿಂದು ಬಹಳ ದೂರ: ಎರಡು ಕೇಂದ್ರಗಳ ನಡುಮಧ್ಯದಿಂದ, ಅವನ್ನು ಸೇರಿಸುವ ಗೆರೆಗೆ ಲಂಬವಾಗಿ, ಆ ಗೆರೆಯ ಉದ್ದದ ಸುಮಾರು ಒಂಬತ್ತೂವರೆ ಪಟ್ಟು ದೂರದಲ್ಲಿ.

ಸರಿಸಿ ತಿರುಗಿಸಿದರೆ ಎಲ್ಲ ಸರ್ವಸಮ ಆಕೃತಿಗಳೂ ಕೂಡುತ್ತವೆಯೆ? ಇಲ್ಲ. ಎಡಗಾಲಿನ ಚಪ್ಪಲಿಯ ಅಚ್ಚನ್ನು ನೆಲದ ಮೇಲೆ ಎಷ್ಟು ತಿರುಗಿಸಿದರೂ ಬಲಗಾಲಿನದಾಗದು. ಅದಕ್ಕೆ ಕಾಗದವನ್ನೇ ಮಗುಚಬೇಕು.

ಚಳಿಗಾಲದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಪಟೇಲ್ ಚೌಕ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಹೋಳುಗಳನ್ನು ಎಣಿಸಿ, ತೆಳು ಕಾಗದದ ಮೇಲೆ ನಕ್ಷೆ ಬರೆಯಲಿ. ಮನೆಗೆ ಬಂದು ಗುಂಡುಸೂಜಿ ಚುಚ್ಚಿ ತಿರುಗಿಸಲಿ. ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಲಿತ ಪಾಠವನ್ನು 'ಸರ್ವಸಮ' ಎಂಬ ನಮ್ಮ ಮಾತಿನಲ್ಲಿ ಅಜ್ಜಿಗೆ ವಿವರಿಸಲಿ. ಗಣಿತವೂ ಬಂದೀತು, ಕನ್ನಡವೂ ಉಳಿದೀತು.