ಯುದ್ಧಕಾಲದ ಗಣಾಚಾರ

ಪಂಚಾಚಾರಗಳಲ್ಲಿ ಗಣಾಚಾರವೆಂದೊಡನೆ ಕೆಲವರಿಗೆ ಕತ್ತಿಯ ನೆನಪಾಗುವುದುಂಟು. ಧರ್ಮಕ್ಕೆ ಒದಗಿದ ನಿಂದೆಯನ್ನು ಸಹಿಸದೆ ಎದುರಿಸಿ ನಿಲ್ಲುವುದೇ ಗಣಾಚಾರ. ಆದರೆ ಆ ನಿಲುವಿಗೆ ಶಸ್ತ್ರವೇ ಬೇಕೆ ಎಂಬುದು ವಿಚಾರಣೀಯ. ಗಣಾಚಾರದ ಮಗ್ಗುಲಲ್ಲಿಯೇ ಭೃತ್ಯಾಚಾರವಿದೆ. ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯವೇ ಅದರ ತಿರುಳು. ಇವೆರಡೂ ಒಬ್ಬನಲ್ಲಿ ಕೂಡಿದಾಗ ಧೈರ್ಯವು ತಾಳುವ ರೂಪವೆಂತಹುದು? ಎರಡನೆಯ ಮಹಾಯುದ್ಧದ ಕಾಲದ ವೈಯಕ್ತಿಕ ಸತ್ಯಾಗ್ರಹದಲ್ಲಿ ಇದಕ್ಕೊಂದು ಉತ್ತರವುಂಟು.

1939ರ ಸೆಪ್ಟೆಂಬರ್ 3ರಂದು ವೈಸರಾಯರು ಜನಪ್ರತಿನಿಧಿಗಳನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಯುದ್ಧಕ್ಕೆ ಜನಬಲವನ್ನಾಗಲಿ ಧನಬಲವನ್ನಾಗಲಿ ನೀಡಲಾಗದೆಂದು ಬಹಿರಂಗವಾಗಿ ನುಡಿದು, 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರು ಪವನಾರದಲ್ಲಿ ಮೊದಲ ಸತ್ಯಾಗ್ರಹಿಯಾದರು. ಸಂಕಟದಲ್ಲಿರುವ ಎದುರಾಳಿಯನ್ನು ಪೀಡಿಸಬಾರದೆಂದೇ ಗಾಂಧೀಜಿಯವರು ಸಾಮೂಹಿಕ ಚಳವಳಿಯನ್ನು ಒಲ್ಲದೆ, ಆಯ್ದ ಒಬ್ಬೊಬ್ಬರನ್ನೇ ಕಳುಹಿಸಿದರು. ತಾನು ಎಲ್ಲಿ, ಯಾವಾಗ ಮಾತನಾಡುವೆನೆಂಬುದನ್ನು ಸತ್ಯಾಗ್ರಹಿಯು ಜಿಲ್ಲಾಧಿಕಾರಿಗೆ ಮುಂಚಿತವಾಗಿಯೇ ತಿಳಿಸಬೇಕಾಗಿತ್ತು. 1941ರ ಮೇ ತಿಂಗಳ ವೇಳೆಗೆ ದೇಶದಲ್ಲಿ ಸುಮಾರು 25,000 ಜನರು ಶಿಕ್ಷೆಗೊಳಗಾದರು. ಅನ್ಯಾಯಕ್ಕೆ ಮಣಿಯದಿರುವುದು ಇಲ್ಲಿನ ಗಣಾಚಾರ. ಎದುರಾಳಿಯನ್ನು ಹಗೆಯೆಂದು ಬಗೆಯದಿರುವುದು ಭೃತ್ಯಾಚಾರ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಗೆ ಈ ಮಾರ್ಗ ಅಪರಿಚಿತವಾಗಿರಲಿಲ್ಲ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರೇ ಅಧ್ಯಕ್ಷರಾಗಿದ್ದರು. 1937ರ ಏಪ್ರಿಲ್‌ನಲ್ಲಿ ಗಂಗಾಧರರಾವ್ ದೇಶಪಾಂಡೆಯವರ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಜರುಗಿತು. ನೂಲುವ ಕೈಯೇ ಅಲ್ಲಿ ಕಾಯಕದ ಕೈಯಾಗಿತ್ತು. ಆದರೆ ಇದೇ ಬೆಳಗಾವಿಯು ಮರಾಠಾ ಲಘು ಪದಾತಿ ದಳದ ನೆಲೆಯೂ ಹೌದು. ಮಗನನ್ನು ದಂಡಿಗೆ ಕಳುಹಿಸಿದ ನೆರೆಮನೆಯವರ ಎದುರಿನಲ್ಲಿ ಯುದ್ಧ ತಪ್ಪೆಂದು ನುಡಿಯುವುದು ಸುಲಭವಲ್ಲ. ಸರಕಾರದ ಸೆರೆಮನೆಗಿಂತ ಪ್ರೀತಿಪಾತ್ರರ ಮುನಿಸೇ ಕಠಿಣವಾದ ಪರೀಕ್ಷೆ. ಸೈನಿಕನ ಶೌರ್ಯವನ್ನು ಹಳಿಯದೆಯೇ ಯುದ್ಧವನ್ನು ನಿರಾಕರಿಸುವ ನಾಲಗೆಗೆ ವಿನಯದ ಹದ ಬೇಕು.

1942ರಲ್ಲಿ ಮಾರ್ಗ ಕವಲೊಡೆಯಿತು. ಬೆಳಗಾವಿ ಜಿಲ್ಲೆಯಲ್ಲಿ ತಂತಿಗಳನ್ನು ಕಡಿದರು, ಚಾವಡಿಗಳ ದಫ್ತರಗಳನ್ನು ಸುಟ್ಟರು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು ಆ ಚಳವಳಿಯಲ್ಲಿ ಸೆರೆಮನೆ ಕಂಡರು. ಅವರ ‘ಮಾಡಿ ಮಡಿದವರು’ ಕಾದಂಬರಿಗೆ ಆ ಹೋರಾಟವೇ ವಸ್ತು. ಜೀವಹಾನಿಯಾಗದಿದ್ದರೆ ಅಹಿಂಸೆ ಉಳಿಯಿತೆಂದು ಹಲವರು ಬಗೆದರು. 1944ರಲ್ಲಿ ಬಿಡುಗಡೆಯಾದ ಗಾಂಧೀಜಿಯವರು ಮಾತ್ರ ಗುಪ್ತಕಾರ್ಯವು ಅಹಿಂಸೆಗೆ ಸಲ್ಲದೆಂದು ತಿಳಿಸಿ, ಭೂಗತರಾಗಿದ್ದವರಿಗೆ ಹೊರಬರುವಂತೆ ಸಲಹೆಯಿತ್ತರು. ಭೂಗತರ ತ್ಯಾಗ ಇದರಿಂದ ಕಿರಿದಾಗದು. ಅವರ ಮನೆಮಂದಿ ಉಂಡ ಕಷ್ಟವೂ ಹಗುರಾಗದು. ಆದರೆ ಅಹಿಂಸೆಯನ್ನು ಅಳೆಯುವ ಅಳತೆಗೋಲು ಇದರಿಂದ ಸ್ಪಷ್ಟವಾಗುತ್ತದೆ.

ನಡೆ ನುಡಿಗಳು ಒಂದಾಗಿರಬೇಕೆಂಬುದು ಶರಣರ ಮೂಲ ನಿಯಮ. ಅಡಗಿ ಮಾಡುವ ಕಾರ್ಯದಲ್ಲಿ, ಉದ್ದೇಶ ಎಷ್ಟೇ ಉನ್ನತವಾಗಿದ್ದರೂ, ನುಡಿ ಒಂದು ಕಡೆ, ನಡೆ ಇನ್ನೊಂದು ಕಡೆ ಉಳಿಯುವ ಅಪಾಯವುಂಟು. ಸ್ಥಳವನ್ನೂ ಸಮಯವನ್ನೂ ಸಾರಿ, ಬರಿಗೈಯಲ್ಲಿ ನಡೆದು, ಶಿಕ್ಷೆಯನ್ನು ತಾನೇ ಹೊತ್ತವನಲ್ಲಿ ಅವೆರಡೂ ಒಂದಾದವು. ಶಾಂತಿಯು ಅಂಜಿಕೆಯ ಇನ್ನೊಂದು ಹೆಸರೆಂದು ಎಣಿಸುವವರು ಈ ನಡಿಗೆಯನ್ನು ಒಮ್ಮೆ ಮನನ ಮಾಡಬೇಕು.