ನಮ್ಮ ಬಚ್ಚಲ ನೀರು, ಮಣಲಿಯ ಕಾರ್ಖಾನೆ

ಸ್ನಾನ ಮಾಡಿ ಬಚ್ಚಲಿಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ವಿಚಾರಿಸುವವರು ವಿರಳ. ಉತ್ತರ ಚೆನ್ನೈಯ ಅನೇಕ ಮನೆಗಳ ಕೊಳೆನೀರು ಕೊಡುಂಗೈಯೂರಿನ ಶುದ್ಧೀಕರಣ ಕೇಂದ್ರಕ್ಕೆ ಹರಿಯುತ್ತದೆ. ಅದರಲ್ಲೊಂದು ಪಾಲು ಮಣಲಿಯ ಕಾರ್ಖಾನೆಗಳಿಗೆ ಸಲ್ಲುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಮಣಲಿಯ ತೈಲ ಶುದ್ಧೀಕರಣಾಗಾರವು 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಿಂದ ಸ್ಥಾಪಿತವಾಗಿ 1969ರಲ್ಲಿ ಕಾರ್ಯಾರಂಭ ಮಾಡಿತು. ಇಂದು ಅದು ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್. ನೆರೆಯಲ್ಲಿಯೇ ಮದ್ರಾಸ್ ಫರ್ಟಿಲೈಸರ್ಸ್ ಇದೆ. ಇಂತಹ ಕಾರ್ಖಾನೆಗಳಿಗೆ ಬಾಯ್ಲರಿಗೂ ಯಂತ್ರಗಳನ್ನು ತಣಿಸುವುದಕ್ಕೂ ಅಪಾರ ನೀರು ಬೇಕು. ಅದರಲ್ಲಿ ಲವಣವಿದ್ದರೆ ಕೊಳವೆಗಳೊಳಗೆ ಗಟ್ಟಿಯಾದ ಪದರ ಕಟ್ಟುತ್ತದೆ. ಆದ್ದರಿಂದ ಈ ಎರಡು ಸಂಸ್ಥೆಗಳೂ 1990ರ ದಶಕದಲ್ಲಿಯೇ ನಗರದ ಕೊಳೆನೀರನ್ನು ಪಡೆದು ಶೋಧಿಸಿ ಬಳಸತೊಡಗಿದವು. 2019ರ ಅಕ್ಟೋಬರಿನಲ್ಲಿ ಕೊಡುಂಗೈಯೂರಿನಲ್ಲಿಯೇ ದಿನಕ್ಕೆ 4.5 ಕೋಟಿ ಲೀಟರು ಸಾಮರ್ಥ್ಯದ ಸ್ಥಾವರ ಆರಂಭವಾಯಿತು. ಮೊದಲು ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತೀರಿಸುತ್ತವೆ. ಬಳಿಕ ನೀರು ಸೋಸುಪೊರೆಗಳನ್ನು ಹಾಯುತ್ತದೆ. ಕೊನೆಗೆ ನಮ್ಮ ಅಡಿಗೆಮನೆಯ ಆರ್.ಓ. ಯಂತ್ರದ ತತ್ತ್ವದಂತೆಯೇ ಲವಣವು ಬೇರ್ಪಡುತ್ತದೆ.

ಈ ಪ್ರಮಾಣವನ್ನು ಹೀಗೆ ಊಹಿಸಬಹುದು. 2019ರ ಜುಲೈಯಲ್ಲಿ ನಗರ ಬಾಯಾರಿದಾಗ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂದಿತು. ಅದು ಮೆಟ್ಟೂರಿನ ನೀರು, ಎಂದರೆ ನಮ್ಮ ಕಾವೇರಿಯೇ! ಒಂದು ರೈಲಿಗೆ 25 ಲಕ್ಷ ಲೀಟರು. ಕೊಡುಂಗೈಯೂರಿನ ಸ್ಥಾವರದ ಒಂದು ದಿನದ ಸಾಮರ್ಥ್ಯ ಅಂತಹ 18 ರೈಲುಗಳಿಗೆ ಸಮ.

ಕಚ್ಚಾತೈಲದೊಳಗಿನ ಗಂಧಕವನ್ನೂ ಹೊಗೆಯಾಗಿ ಹೋಗಗೊಡದೆ ಬೇರ್ಪಡಿಸಿ ಮಾರುತ್ತಾರೆ. ಅದರಿಂದ ಗಂಧಕಾಮ್ಲ ತಯಾರಾಗುತ್ತದೆ.

ಆದರೆ ನಮ್ಮ ಕೊಳೆಯನ್ನು ಇಷ್ಟು ಚೆನ್ನಾಗಿ ಬಳಸಿಕೊಳ್ಳುವ ಶುದ್ಧೀಕರಣಾಗಾರ ತನ್ನ ಅಂಗಳದ ಎಣ್ಣೆಯನ್ನು ತಡೆಯಲಾರದೆ ಹೋಯಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯೊಡನೆ ತೈಲವು ಬಕಿಂಗ್‌ಹ್ಯಾಮ್ ಕಾಲುವೆಗೆ ಇಳಿದು ಎಣ್ಣೂರಿನ ಅಳಿವೆಯನ್ನು ಮುಟ್ಟಿತು. ಈ ಸಂಸ್ಥೆಯ ಮಳೆನೀರಿನ ವ್ಯವಸ್ಥೆ ಸಾಲದಾದುದೇ ಕಾರಣವೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು. ದೋಣಿ, ಬಲೆ, ಮನೆಯ ಗೋಡೆ, ಹೆಜ್ಜಾರ್ಲೆ ಹಕ್ಕಿಯ ರೆಕ್ಕೆ ಎಲ್ಲವೂ ಕಪ್ಪಾದವು. ಬೆಸ್ತರು ಬಕೆಟ್ಟುಗಳಲ್ಲಿ ಎಣ್ಣೆ ಮೊಗೆದರು. ಮಳೆನೀರಿನ ಚರಂಡಿಯನ್ನು ಎಣ್ಣೆಯ ಹಾದಿಯಿಂದ ಬೇರೆಯಾಗಿಡುವುದು ಎಂಜಿನಿಯರಿಂಗಿನ ಪ್ರಥಮ ಪಾಠಗಳಲ್ಲೊಂದು. ಅದು ಅಲ್ಲಿ ನಡೆಯದೆ ಹೋದದ್ದನ್ನು ಕೇವಲ ಮಳೆಯ ಮೇಲೆ ಹೊರಿಸಲಾಗದು.

ಮಣಲಿ, ಎಣ್ಣೂರುಗಳ ಸುತ್ತ ನೆಲೆಸಿರುವ ನಮ್ಮವರಿಗೆ ಒಂದೆರಡು ಆರೋಗ್ಯದ ಮಾತು. ಪ್ರವಾಹದ ನೀರಿನಲ್ಲಿ ಎಣ್ಣೆಯ ಹೊಳಪು ಕಂಡರೆ ಮಕ್ಕಳನ್ನು ಇಳಿಯಗೊಡಬಾರದು. ಮೈಗೆ ಹತ್ತಿದ ಎಣ್ಣೆಯನ್ನು ಸೀಮೆಎಣ್ಣೆಯಿಂದಾಗಲಿ ಪೆಟ್ರೋಲಿನಿಂದಾಗಲಿ ಉಜ್ಜುವುದು ಸಲ್ಲದು. ಅವು ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ. ಹಳೆಯ ಬಟ್ಟೆಯಿಂದ ಒರೆಸಿ, ಸ್ವಲ್ಪ ಅಡಿಗೆ ಎಣ್ಣೆ ಸವರಿ ಸಡಿಲಿಸಿ, ಬಳಿಕ ಸಾಬೂನಿನಿಂದ ತೊಳೆಯಬೇಕು. ವಾಸನೆಯಿಂದ ತಲೆನೋವು, ಉಬ್ಬಸ ಕಾಣಿಸಿದರೆ ಒಡನೆಯೇ ಆ ಸ್ಥಳದಿಂದ ದೂರ ಸರಿಯಬೇಕು. ಆಸ್ತಮಾ ಇರುವವರು ವೈದ್ಯರನ್ನು ಕಾಣಲು ತಡಮಾಡಬಾರದು.