ಅಚ್ಚಿನ ಮೊಳೆಯ ಸಾಕ್ಷ್ಯ: ‘ಫ್ಯೂಚುರಾ’ ಅಕ್ಷರಗಳ ಚರಿತ್ರೆ

ಶಾಸನದ ಅಕ್ಷರರೂಪವನ್ನು ಪರಿಶೀಲಿಸಿ ಅದರ ಕಾಲವನ್ನು ಊಹಿಸುವ ಕ್ರಮವು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅಚ್ಚಿನ ಮೊಳೆಗಳನ್ನೂ ನಾವು ಹೀಗೆಯೇ ಸಾಕ್ಷ್ಯವಾಗಿ ಬಳಸಬಹುದೆ? ಅಕ್ಷರದ ಆಕಾರವೊಂದರಿಂದಲೇ ಅದನ್ನು ಬಳಸಿದವರ ರಾಜಕೀಯವನ್ನು ನಿರ್ಣಯಿಸಬಹುದೆ? ಜರ್ಮನಿಯ ‘ಫ್ಯೂಚುರಾ’ ಮೊಳೆಯ ಇತಿಹಾಸವು ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ.

ಪೌಲ್ ರೆನರ್ (1878–1956) ರೂಪಿಸಿದ ಈ ಅಕ್ಷರಗಳನ್ನು ಫ್ರಾಂಕ್‌ಫರ್ಟಿನ ಬೌವರ್ ಮೊಳೆ ಎರಕದ ಕಾರ್ಖಾನೆಯು 1927ರಲ್ಲಿ ಹೊರತಂದಿತು. ಹಳೆಯ ರೋಮನ್ ಮೊಳೆಗಳಲ್ಲಿ ಗೆರೆಯ ತುದಿಗೆ ಇರುವ ಕಿರುಗೀಟುಗಳು ಇದರಲ್ಲಿಲ್ಲ. ಕೈವಾರ, ಅಡಿಪಟ್ಟಿಗಳಿಂದ ಎಳೆದಂತೆ ವೃತ್ತ, ತ್ರಿಕೋನ, ಚೌಕಗಳೇ ಎದ್ದು ತೋರುತ್ತವೆ. 1929ರಲ್ಲಿ ಬಂದ ‘ಫ್ಯೂಚುರಾ ಬ್ಲ್ಯಾಕ್’ ಎಂಬ ಭೇದವಂತೂ ಕಾರ್ಖಾನೆಯ ಉಗ್ರಾಣವನ್ನೇ ನೆನಪಿಗೆ ತರುತ್ತದೆ. ಕೊರೆದ ತಗಡನ್ನಿಟ್ಟು ಸರಕಿನ ಪೆಟ್ಟಿಗೆಗಳ ಮೇಲೆ ಬಣ್ಣ ಬಳಿದು ಮೂಡಿಸುವ ಅಕ್ಷರಗಳಂತೆ, ಇದರ ದಪ್ಪನೆಯ ತುಂಡುಗಳ ನಡುವೆ ಬಿಳಿಯ ಸಂದುಗಳಿವೆ. ಇದು ಪುಸ್ತಕದ ಪುಟಕ್ಕೆ ತಕ್ಕುದಲ್ಲ. ಶಿರೋನಾಮೆ ಮತ್ತು ಭಿತ್ತಿಪತ್ರಗಳಿಗೆ ಮೀಸಲಾದುದು.

ಆದರೆ ಇದನ್ನು ಕೇವಲ ಯಂತ್ರಯುಗದ ಶಿಶುವೆಂದು ಭಾವಿಸುವಂತಿಲ್ಲ. ಫ್ಯೂಚುರಾದ ದೊಡ್ಡಕ್ಷರಗಳಲ್ಲಿ ‘ಓ’ ವೃತ್ತದಂತಿದ್ದು, ‘ಇ’, ‘ಎಫ್’, ‘ಎಲ್’ಗಳು ಬಹಳ ಕಿರಿದಾಗಿವೆ. ಈ ಪ್ರಮಾಣವು ಪ್ರಾಚೀನ ರೋಮಿನ ಶಿಲಾಶಾಸನಗಳದು. ಗೆರೆಗಳ ದಪ್ಪವೂ ಎಲ್ಲೆಡೆ ಸಮನಾಗಿಲ್ಲ. ಬಾಗಿದ ಗೆರೆಯು ನೇರ ಗೆರೆಯನ್ನು ಕೂಡುವಲ್ಲಿ ರೆನರ್ ಅದನ್ನು ಸ್ವಲ್ಪ ತೆಳುವಾಗಿಸಿದರು. ಹಾಗೆ ಮಾಡದಿದ್ದರೆ ಆ ಸಂಧಿಗಳು ಮಸಿ ಕಟ್ಟಿದಂತೆ ಕಣ್ಣಿಗೆ ತೋರುತ್ತವೆ. ಗಣಿತವನ್ನು ಕಣ್ಣು ತಿದ್ದಿದೆ.

ಇನ್ನು ರಾಜಕೀಯದ ವಿಚಾರ. ಜರ್ಮನಿಯಲ್ಲಿ ಶತಮಾನಗಳಿಂದ ರೂಢಿಯಲ್ಲಿದ್ದ, ಮುರಿದ ಗೆರೆಗಳ ಫ್ರಾಕ್ಟೂರ್ ಲಿಪಿಯನ್ನು ನಾಜಿಗಳು ಮೊದಲು ರಾಷ್ಟ್ರೀಯವೆಂದು ಮೆರೆಸಿದರು. ಅವರ ಸಾಂಸ್ಕೃತಿಕ ನೀತಿಯನ್ನು 1932ರ ಕಿರುಹೊತ್ತಗೆಯೊಂದರಲ್ಲಿ ಖಂಡಿಸಿದ ರೆನರ್ 1933ರಲ್ಲಿ ಬಂಧನಕ್ಕೊಳಗಾಗಿ, ಮ್ಯೂನಿಕ್ ಮುದ್ರಣ ವಿದ್ಯಾಲಯದ ತಮ್ಮ ಹುದ್ದೆಯನ್ನು ಕಳೆದುಕೊಂಡರು. ಇಷ್ಟನ್ನೇ ಕಂಡವರು ಫ್ರಾಕ್ಟೂರ್ ಸರ್ವಾಧಿಕಾರದ ಲಿಪಿ, ಫ್ಯೂಚುರಾ ಸ್ವಾತಂತ್ರ್ಯದ ಲಿಪಿ ಎಂದು ತೀರ್ಮಾನಿಸಿಯಾರು. ಆದರೆ 1941ರ ಜನವರಿ 3ರಂದು ಮಾರ್ಟಿನ್ ಬೋರ್ಮನ್ ಹೊರಡಿಸಿದ ಸುತ್ತೋಲೆಯು ಆ ಹಳೆಯ ಲಿಪಿಯನ್ನೇ ‘ಯೆಹೂದ್ಯರ ಅಕ್ಷರ’ವೆಂದು ಆಧಾರವಿಲ್ಲದೆ ಜರೆದು, ರೋಮನ್ ಲಿಪಿಯನ್ನು ಸಾರ್ವತ್ರಿಕವಾಗಿ ಬಳಸುವಂತೆ ಆಜ್ಞಾಪಿಸಿತು. ಆ ಸುತ್ತೋಲೆಯ ಕಾಗದದ ತಲೆಬರಹವೇ ಹಳೆಯ ಲಿಪಿಯಲ್ಲಿ ಅಚ್ಚಾಗಿತ್ತೆಂಬುದು ಗಮನಾರ್ಹ. ಮುಂದೆ 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಬಿಟ್ಟುಬಂದ ಅಮೆರಿಕದ ಫಲಕದ ಮೇಲಿನ ಅಕ್ಷರಗಳು ಫ್ಯೂಚುರಾದವು.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ಮೊಳೆಯ ಆಕಾರವು ಮುದ್ರಿತ ಪತ್ರವೊಂದು ಯಾವ ವರ್ಷಕ್ಕಿಂತ ಹಿಂದಿನದಾಗಿರಲಾರದೆಂಬುದನ್ನು ನಿಶ್ಚಯವಾಗಿ ಹೇಳಬಲ್ಲುದು. 1927ರ ಪೂರ್ವದ್ದೆನ್ನಲಾದ ಪತ್ರವು ಫ್ಯೂಚುರಾ ಮೊಳೆಗಳಲ್ಲಿ ಅಚ್ಚಾಗಿದ್ದರೆ ಅದನ್ನು ಶಂಕಿಸಲೇಬೇಕು. ಆದರೆ ಅಚ್ಚು ಹಾಕಿಸಿದವರ ಉದ್ದೇಶವನ್ನು ಆಕಾರವು ತಿಳಿಸದು. ಅದಕ್ಕಾಗಿ ಆಜ್ಞೆಗಳನ್ನೂ ಪತ್ರವ್ಯವಹಾರವನ್ನೂ ಅಚ್ಚುಕೂಟದ ಲೆಕ್ಕಗಳನ್ನೂ ಶೋಧಿಸುವುದು ಅವಶ್ಯಕ.